ಪದ್ಮಿನಿಯ ಹಿಂದಿನ ಸೀಟಿಗೆ ಭುಜದ ಬೆಲ್ಟ್: ಪುಣೆಯ ಒಂದು ಪ್ರಕರಣ

ಗಾಡಿ 1977ರ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಲ್ಲಿ ತಯಾರಾಗಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿಯಾದ ಅದೇ ಗಾಡಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಕೆಳಗೆ ಗೇರ್ ಲಿವರ್, ಮುಂದೆಯೂ ಹಿಂದೆಯೂ ಬೆಂಚಿನಂಥ ಉದ್ದ ಸೀಟು. ಮಾಲೀಕರು ಬೆಳಗಾವಿ ಕಡೆಯಿಂದ ಬಂದು ಪುಣೆಯ ಕೋಥರೂಡಿನಲ್ಲಿ ನೆಲೆಸಿದ ನಿವೃತ್ತ ಮಾಸ್ತರು. ನಮ್ಮ ಸೊಸೈಟಿಯ ಕನ್ನಡದವರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ನಾನು ಕಾರಿನ ಬಾಡಿ ಮತ್ತು ಸೀಟುಗಳ ವಿನ್ಯಾಸದ ಕೆಲಸದಲ್ಲಿರುವವಳು. ಹಾಗಾಗಿ ಈ ಪ್ರಕರಣ ನನ್ನ ಬಾಗಿಲಿಗೆ ಬಂತು.

ಕೇಳಿದ್ದು ಇಷ್ಟೇ: ದೀಪಾವಳಿಗೆ ಏಳು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಇದೇ ಗಾಡಿಯಲ್ಲಿ ಸಾತಾರಾ, ಕೊಲ್ಹಾಪುರದ ಮೇಲೆ ಊರಿಗೆ ಹೋಗಬೇಕು. ಹಿಂದೆ ಕಾಕು ಮತ್ತು ಮೊಮ್ಮಗಳು. ಹಿಂದಿನ ಸೀಟಿಗೆ ಬೆಲ್ಟ್ ಎಂಬುದು ಈ ಗಾಡಿಗೆ ಕಾರ್ಖಾನೆಯಿಂದಲೇ ಇಲ್ಲ, ಬೆಲ್ಟ್ ಕಟ್ಟುವ ಜಾಗವೂ ಇಲ್ಲ. ಬೇಕು ಎಂದವರು ಕಾಕು. 2022ರ ಸೆಪ್ಟೆಂಬರ್ 4ರಂದು ಪಾಲಘರ್ ಜಿಲ್ಲೆಯ ಚಾರೋಟಿ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ಅವರ ಮನಸ್ಸಿನಿಂದ ಹೋಗಿರಲಿಲ್ಲ. ಆಧುನಿಕ ಗಾಡಿ, ಎಲ್ಲ ಸೌಕರ್ಯ ಇದ್ದದ್ದು. ಹಿಂದೆ ಬೆಲ್ಟ್ ಹಾಕದೆ ಕೂತಿದ್ದ ಇಬ್ಬರೂ ಹೋದರು, ಮುಂದಿದ್ದ ಇಬ್ಬರು ಉಳಿದರು.

ಕಾಕಾ ಮೊದಲು ಒಪ್ಪಲಿಲ್ಲ. "ಇಷ್ಟು ವರ್ಷ ಏನಾಗ್ಯದವಾ? ಆರು ಮಂದಿ ಕೂತು ಮಹಾಬಳೇಶ್ವರಕ್ಕ ಹೋಗಿ ಬಂದೇವಿ."

"ಆಗ ರಸ್ತೆದಾಗ ಇಷ್ಟು ಗಾಡಿ ಇದ್ದೂವೇನ್ರಿ? ಇಷ್ಟು ಜೋರು ಓಡ್ತಿದ್ದೂವೇನ್ರಿ?" ಎಂದು ಕಾಕು ಕೇಳಿದ ಮೇಲೆ ಮಾತು ಮುಂದಕ್ಕೆ ಹೋಯಿತು.

ಹಳೆ ಗಾಡಿಗೆ ಬೆಲ್ಟ್ ಹಾಕಿಸುವ ಮಾತು ಬಂದಾಗ ಹೆಚ್ಚಿನವರು ಬೆಲ್ಟಿನ ಬಗ್ಗೆಯೇ ವಿಚಾರಿಸುತ್ತಾರೆ: ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ, ಯಾವ ಬಣ್ಣ. ನನ್ನ ಮಟ್ಟಿಗೆ ಬೆಲ್ಟು ಈ ಕೆಲಸದ ಕಡೆಯ ಭಾಗ. ಅದರ ಮೂರು ತುದಿಗಳು ಗಾಡಿಯ ಯಾವ ಲೋಹಕ್ಕೆ, ಯಾವ ಎತ್ತರದಲ್ಲಿ, ಯಾವ ಕೋನದಲ್ಲಿ ಬಿಗಿಯಾಗುತ್ತವೆ ಎಂಬುದೇ ಕೆಲಸ. ತಪ್ಪು ಜಾಗಕ್ಕೆ ಕಟ್ಟಿದ ಬೆಲ್ಟು ಕೂತವರಿಗೆ ಧೈರ್ಯ ಕೊಡುತ್ತದೆ, ಗಾಡಿ ಗುದ್ದಿದ ಹೊತ್ತಿಗೆ ತಗಡಿನ ಸಮೇತ ಕಿತ್ತು ಬರುತ್ತದೆ.

ಎಷ್ಟು ಬಲ ತಡೆಯಬೇಕು

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಗುದ್ದಿ ನಿಂತರೆ ಕಟ್ಟಿಕೊಳ್ಳದ ಮನುಷ್ಯ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಾನೆ. ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗ ಹೆಚ್ಚುಕಡಿಮೆ ಅಷ್ಟೇ. ಹಿಂದೆ ಕೂತವರು ಮುಂದಿನ ಬೆಂಚಿಗೆ ಬಡಿಯುತ್ತಾರೆ. ಪದ್ಮಿನಿಯ ಆ ಬೆಂಚು ಅಂಥ ಹೊಡೆತಕ್ಕೆ ಮಾಡಿದ್ದಲ್ಲ, ಆದ್ದರಿಂದ ಓಡಿಸುವವರ ಬೆನ್ನಿಗೂ ಪೆಟ್ಟು. ಹಿಂದಿನವರ ಬೆಲ್ಟು ಮುಂದಿನವರಿಗೂ ರಕ್ಷಣೆ ಎಂದಾಗ ಕಾಕಾ ಸುಮ್ಮನಾದರು.

60 ಕಿಲೋ ತೂಕದವರನ್ನು ಆ ವೇಗದಿಂದ ಸುಮಾರು 60 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಲು ಹತ್ತಿರ ಹತ್ತಿರ ಒಂದು ಟನ್ ಬಲ ಬೇಕು. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ ಬೆಲ್ಟ್ ಬಿಗಿಯುವ ಜಾಗಗಳಿಗೆ ಸಂಬಂಧಿಸಿದ 14ನೇ ನಿಯಮ ಇನ್ನೂ ಹೆಚ್ಚು ಕೇಳುತ್ತದೆ. ಕಾರಿನಲ್ಲಿ ಭುಜದ ಭಾಗಕ್ಕೆ 13.5 ಕಿಲೋನ್ಯೂಟನ್ (ಸುಮಾರು 1.4 ಟನ್), ಸೊಂಟದ ಭಾಗಕ್ಕೆ 13.5 ಕಿಲೋನ್ಯೂಟನ್, ಎರಡನ್ನೂ ಒಟ್ಟಿಗೇ ಎಳೆಯುತ್ತಾರೆ. 0.2 ಸೆಕೆಂಡು ಆ ಜಾಗ ಹಿಡಿದುಕೊಂಡಿರಬೇಕು. ತಗಡು ಬಾಗಬಹುದು, ಸ್ವಲ್ಪ ಹರಿಯಲೂಬಹುದು. ಕೈಬಿಡಬಾರದು, ಅಷ್ಟೇ. ಈ ಒಂದು ಮಾತು ಇಡೀ ಕೆಲಸದ ದಿಕ್ಕು ಹೇಳುತ್ತದೆ: ಗಟ್ಟಿಯಾಗಿಸುವುದಕ್ಕಿಂತ ಹರಡುವುದು ಮುಖ್ಯ. ಒಂದು ಬೋಲ್ಟಿನ ಸುತ್ತ ಕೂಡಿಬೀಳುವ ಬಲವನ್ನು ಅಂಗೈಯಗಲದ ಲೋಹಕ್ಕೆ ಹಂಚಬೇಕು.

ಯಾವ ಬೆಲ್ಟು

ಸುಲಭದ ದಾರಿ ಸೊಂಟದ ಬೆಲ್ಟ್ ಮಾತ್ರ ಹಾಕುವುದು. ಎರಡೇ ತುದಿ, ಎರಡೂ ನೆಲಕ್ಕೆ. ಗ್ಯಾರೇಜಿನಲ್ಲಿ ಮೊದಲು ಬಂದ ಸಲಹೆಯೂ ಅದೇ. ನಾನು ಬೇಡವೆಂದೆ. ಸೊಂಟ ನಿಂತು ಮೇಲಿನ ದೇಹ ಮುಂದಕ್ಕೆ ಮಡಚಿದಾಗ ತಲೆ ಮುಂದಿನ ಸೀಟಿಗೆ ಬಡಿಯುತ್ತದೆ, ಬೆನ್ನುಮೂಳೆ ಆ ಬೆಲ್ಟಿನ ಮೇಲೆಯೇ ಮುರಿಯುತ್ತದೆ. 1948ರಲ್ಲಿ ಚಾನ್ಸ್ ಎಂಬ ಬ್ರಿಟಿಷ್ ವಿಕಿರಣ ತಜ್ಞ ವಿವರಿಸಿದ, ಅವನ ಹೆಸರಿನಲ್ಲೇ ಕರೆಯುವ ಅಡ್ಡಸೀಳಿನ ಬೆನ್ನುಮೂಳೆ ಮುರಿತ ಮುಂದೆ ಸೊಂಟದ ಬೆಲ್ಟಿನ ಗಾಯವೆಂದೇ ವೈದ್ಯರಿಗೆ ಪರಿಚಿತವಾಯಿತು. ಮಕ್ಕಳಲ್ಲಿ ಬೆಲ್ಟು ಮೆತ್ತಗಿನ ಹೊಟ್ಟೆಗೇ ಇಳಿಯುತ್ತದೆ, ಕರುಳಿಗೆ ಪೆಟ್ಟಾಗುತ್ತದೆ. ಮೊಮ್ಮಗಳನ್ನು ಕೂರಿಸುವ ಬೂಸ್ಟರ್ ಸೀಟಿಗಂತೂ ಭುಜದ ಪಟ್ಟಿ ಇರಲೇಬೇಕು. ಏಳು ವರ್ಷದ ಮಗುವಿಗೆ ದೊಡ್ಡವರ ಬೆಲ್ಟು ಸರಿಯಾದ ಜಾಗದಲ್ಲಿ ಬರುವಂತೆ ಮಾಡುವುದೇ ಆ ಸೀಟಿನ ಕೆಲಸ.

ಆದ್ದರಿಂದ ಮೂರು ತುದಿಯ ಬೆಲ್ಟು. 1959ರಲ್ಲಿ ವೋಲ್ವೋ ಕಂಪನಿಗಾಗಿ ನಿಲ್ಸ್ ಬೋಲಿನ್ ರೂಪಿಸಿದ್ದು ಇದನ್ನೇ. ಇದರಲ್ಲಿ ಎರಡು ಬಗೆ. ಒಂದು, ಕೈಯಲ್ಲೇ ಎಳೆದು ಉದ್ದ ಸರಿಮಾಡಿಕೊಳ್ಳುವ ಸ್ಥಿರ ಬೆಲ್ಟು; ರೀಲ್ ಇಲ್ಲ, ಅಗ್ಗ, ನೋಟಕ್ಕೂ ಹಳೆ ಗಾಡಿಗೆ ಒಪ್ಪುತ್ತದೆ. ಇನ್ನೊಂದು, ತಾನೇ ಸುತ್ತಿಕೊಂಡು ಅಪಾಯದಲ್ಲಿ ಮಾತ್ರ ಲಾಕ್ ಆಗುವ ರೀಲ್ ಬೆಲ್ಟು. ಕಾಕಾಗೆ ಮೊದಲನೆಯದೇ ಇಷ್ಟ. ಆದರೆ ಸ್ಥಿರ ಬೆಲ್ಟನ್ನು ಪ್ರತಿ ಸಲ ಕೂತವರ ಮೈಗೆ ಬಿಗಿ ಮಾಡಬೇಕು, ಸಡಿಲ ಬಿಟ್ಟರೆ ಅರ್ಧ ಪ್ರಯೋಜನ ಹೋಯಿತು. ಸಂಧಿವಾತದ ಬೆರಳಿನ ಕಾಕು ಮತ್ತು ಒಂದು ಕಡೆ ಕೂರದ ಮಗು ಅದನ್ನು ಪ್ರತಿ ಸಲ ಬಿಗಿ ಮಾಡುತ್ತಾರೆಂದು ನಂಬಿ ಕೂರುವಂತಿರಲಿಲ್ಲ. ರೀಲೇ ಆಯಿತು.

ಕೊಳ್ಳುವಾಗ ನೋಡಿದ್ದು ಲೇಬಲ್. ವಿಶ್ವಸಂಸ್ಥೆಯ ನಿಯಮದಂತೆ ಒಪ್ಪಿಗೆ ಪಡೆದದ್ದೆಂದು ಹೇಳುವ, ವೃತ್ತದೊಳಗಿನ ಇ ಅಕ್ಷರ, ಜೊತೆಗೆ ‘ಎಆರ್4ಎಂ’ ಎಂಬ ಸಂಕೇತ. ಎ ಅಂದರೆ ಮೂರು ತುದಿಯ ಬೆಲ್ಟು, ಆರ್ ಅಂದರೆ ರೀಲ್ ಇದೆ, 4 ಅಂದರೆ ತುರ್ತಿನಲ್ಲಿ ಲಾಕ್ ಆಗುವಂಥದ್ದು, ಎಂ ಅಂದರೆ ಗಾಡಿಯ ಜಗ್ಗಾಟಕ್ಕೂ ಪಟ್ಟಿಯ ಸೆಳೆತಕ್ಕೂ ಎರಡಕ್ಕೂ ಸ್ಪಂದಿಸುವಂಥದ್ದು. ಗುಜರಿಯ ಬೆಲ್ಟು ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಕುರ್ಲಾದಲ್ಲಾಗಲಿ ಪುಣೆಯ ನಾನಾ ಪೇಠದಲ್ಲಾಗಲಿ ಬಿಡಿಭಾಗದ ಅಂಗಡಿಗೆ ಬರುವ ಹಳೆ ಬೆಲ್ಟಿನಲ್ಲಿ ಎಷ್ಟೋ ಅಪಘಾತದ ಗಾಡಿಯವು. ಒಮ್ಮೆ ಜೋರು ಎಳೆತ ಕಂಡ ಪಟ್ಟಿಯ ಎಳೆಗಳು ಹಿಗ್ಗಿ ತಮ್ಮ ಶಕ್ತಿ ಕಳೆದುಕೊಂಡಿರುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ.

ನವಾರ ಪಟ್ಟಿಯ ಅಳತೆ

ಅಳತೆಗೆ ಮಂಚದ ನವಾರ ಪಟ್ಟಿ ಬಳಸಿದೆವು. ಅಗಲ ಬೆಲ್ಟಿನಷ್ಟೇ, ಬಟ್ಟೆಯಂತೆ ಮೈಮೇಲೆ ಕೂರುತ್ತದೆ, ಬೇಕಾದಲ್ಲಿ ಸೀಸದಕಡ್ಡಿಯಿಂದ ಗುರುತು ಮಾಡಬಹುದು. ಕಾಕು ದಿನಾ ಉಡುವ ನೂಲಿನ ಸೀರೆಯಲ್ಲೇ ಬಂದು ಹಿಂದಿನ ಸೀಟಿನಲ್ಲಿ ಕೂತರು. ಮೊಮ್ಮಗಳು ಬೂಸ್ಟರ್ ಮೇಲೆ.

ಮೊದಲು ಹಿಂದಿನ ಗಾಜಿನ ಕೆಳಗಿನ ಹಲಗೆಯಿಂದ ಪಟ್ಟಿ ತಂದು ನೋಡಿದೆವು. ರೀಲ್ ಇಡಲು ಅಲ್ಲಿ ಧಾರಾಳ ಜಾಗ, ಕೆಲಸವೂ ಸಲೀಸು. ಆದರೆ ಪದ್ಮಿನಿಯ ಸೀಟಿನ ಬೆನ್ನು ಗಿಡ್ಡ, ಹಲಗೆಯೂ ಗಿಡ್ಡ. ಕುಳ್ಳಗಿರುವ ಕಾಕುವಿನ ಭುಜ ಕೂಡ ಅದಕ್ಕಿಂತ ಮೇಲಿತ್ತು. ಪಟ್ಟಿ ಭುಜ ಹತ್ತಿ ಹಿಂದಕ್ಕೆ ಇಳಿಯುತ್ತಿತ್ತು. ಗುದ್ದಿದಾಗ ಅಂಥ ಬೆಲ್ಟು ಎದೆಯನ್ನು ತಡೆಯುವ ಜೊತೆಗೆ ಭುಜವನ್ನು ಕೆಳಕ್ಕೆ ಒತ್ತುತ್ತದೆ, ಆ ಒತ್ತಡ ಹೋಗುವುದು ಬೆನ್ನುಮೂಳೆಗೆ. ಎಲುಬು ಸವೆದ ವಯಸ್ಸಿನವರಿಗೆ ಇದು ಸಣ್ಣ ಮಾತಲ್ಲ. ಹಲಗೆಯ ಯೋಚನೆ ಅಲ್ಲಿಗೇ ಬಿಟ್ಟೆವು. ಹಳೆ ಸೆಡಾನುಗಳಿಗೆ ಬೆಲ್ಟ್ ಹಾಕುವಾಗ ಹೆಚ್ಚಿನವರು ಆರಿಸುವುದು ಇದೇ ಹಲಗೆಯನ್ನು. ಅಳೆಯದೆ ಯಾರೂ ಆರಿಸಬೇಡಿ.

ಉಳಿದದ್ದು ಹಿಂದಿನ ಬಾಗಿಲಿಗೂ ಹಿಂದಿನ ಗಾಜಿಗೂ ನಡುವಿನ ಕಂಬ. ಪಟ್ಟಿಯನ್ನು ಕಂಬದ ಮೇಲೆ ಒಂದೊಂದೇ ಬೆರಳಗಲ ಸರಿಸುತ್ತ, ಅದು ಕಾಕುವಿನ ಕತ್ತಿಗೆ ತಾಗದೆ, ತೋಳಿಗೂ ಜಾರದೆ, ಕೊರಳೆಲುಬಿನ ನಡುಭಾಗದ ಮೇಲೆ ಹಾಯುವ ಜಾಗ ಹುಡುಕಿದೆವು. ಮಗುವಿನ ಗುರುತು ಅದಕ್ಕಿಂತ ಸ್ವಲ್ಪ ಕೆಳಗೆ ಬಂತು. ಆ ಅಂತರವನ್ನು ಬೂಸ್ಟರ್‌ಗೆ ಇರುವ ಪಟ್ಟಿ ಹಿಡಿಯುವ ಕೊಕ್ಕೆ ನೀಗಿಸುತ್ತದೆ. ಆದ್ದರಿಂದ ರಂಧ್ರ ಕಾಕುವಿನ ಅಳತೆಗೆ.

ಕೆಳಗಿನ ಎರಡು ತುದಿಗಳಿಗೆ ಕೋನ ಮುಖ್ಯ. ಹಿಂದಿನ ಸೀಟಿನಲ್ಲಿ ಸೊಂಟದ ಪಟ್ಟಿ ನೆಲಕ್ಕೆ 30ರಿಂದ 80 ಡಿಗ್ರಿಯೊಳಗೆ ಇಳಿಯಬೇಕೆಂದು ಅದೇ 14ನೇ ನಿಯಮ ಹೇಳುತ್ತದೆ. ತೀರಾ ಚಪ್ಪಟೆಯಾದರೆ ಪಟ್ಟಿ ಹೊಟ್ಟೆಗೆ ಹತ್ತುತ್ತದೆ, ಮನುಷ್ಯ ಅದರ ಅಡಿಯಿಂದ ಮುಂದಕ್ಕೆ ಜಾರುತ್ತಾನೆ. ನಾವು ಸುಮಾರು 60 ಡಿಗ್ರಿಗೆ ತಂದೆವು. ಅಳೆದದ್ದು ಮೊಬೈಲಿನ ಲೆವೆಲ್ ಆ್ಯಪಿನಲ್ಲಿ, ಇಷ್ಟಕ್ಕೆ ಅದು ಸಾಕು.

ಅಳತೆಯ ಹೊತ್ತಿಗೇ ಇನ್ನೊಂದು ವಿಷಯ ಕಂಡಿತು. ಸ್ಪ್ರಿಂಗ್ ಮತ್ತು ನಾರಿನ ಹಳೆ ಸೀಟು ಕೂತ ಕೂಡಲೇ ತಗ್ಗುತ್ತಿತ್ತು. ಕಾಕು ಕೂತು ಸ್ವಲ್ಪ ಹೊತ್ತಿಗೆ ಸೊಂಟದ ಪಟ್ಟಿ ಎಲುಬಿನಿಂದ ಹೊಟ್ಟೆಗೆ ಏರಿತ್ತು. ಎಷ್ಟೇ ಒಳ್ಳೆಯ ಬೆಲ್ಟ್ ಹಾಕಿದರೂ ಸೀಟು ಮೆತ್ತಗಿದ್ದರೆ ದೇಹ ಮೊದಲು ಕುಸಿದು ಆಮೇಲೆ ಜಾರುತ್ತದೆ. ಆದ್ದರಿಂದ ಸೀಟಿನ ತಳವನ್ನು ಬಿಚ್ಚಿಸಿ, ಮುಂದಂಚು ತುಸು ಎತ್ತರ ಇರುವ ಗಟ್ಟಿ ಫೋಮ್ ತುಂಬಿಸಿ, ಮೇಲೆ ಹಳೆಯ ರೆಕ್ಸಿನ್ನನ್ನೇ ಮತ್ತೆ ಹೊಲಿಸಿದೆವು. ಬೆಲ್ಟಿನ ಕೆಲಸದಲ್ಲಿ ಸೀಟಿನ ಕೆಲಸ ಯಾಕೆ ಎಂದು ಕಾಕಾ ಕೇಳಿದರು. ಕಾಕುವನ್ನು ಕೂರಿಸಿ ತೋರಿಸಿದ ಮೇಲೆ ಮತ್ತೆ ಕೇಳಲಿಲ್ಲ.

ತಗಡಿನ ಒಳಗೆ

ಈ ಕೆಲಸ ಹಿಡಿದ ಗ್ಯಾರೇಜಿನ ಮಿಸ್ತ್ರಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಪುಣೆಯಲ್ಲಿ ಹಳೆ ಗಾಡಿಗಳ ತಗಡಿನ ಕೆಲಸದಲ್ಲಿ ಕೈ ಪಳಗಿದವರು, ಕನ್ನಡದವರ ಗಾಡಿ ಎಂದರೆ ಅವರಿಗೆ ಹೆಚ್ಚಿನ ಉತ್ಸಾಹ. ಮೊದಲು ಅವರು ಮಾಡಿದ್ದು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಂದಿನ ಚಕ್ರದ ಕಮಾನಿನ ಮೇಲೆ ಮೆಲ್ಲಗೆ ಎಳೆದದ್ದು. ಬಲಗಡೆ ಉದ್ದಕ್ಕೂ ಹಿಡಿದುಕೊಂಡೇ ಹೋಯಿತು. ಎಡಗಡೆ ಕಮಾನು ನೆಲಕ್ಕೆ ಕೂಡುವಲ್ಲಿ ಕೈಯಿಂದ ಕಳಚಿ ಬಿತ್ತು.

"ಅಕ್ಕಾರ, ಇಲ್ಲಿ ತಗಡ ಇಲ್ರಿ. ಬರೇ ಪುಟ್ಟಿ ಐತ್ರಿ."

ಕೆರೆದರೆ ಪದರ ಪದರವಾಗಿ ಪುಟ್ಟಿ, ಅದರ ಹಿಂದೆ ಒಣಗಿದ ಎಲೆಯಂತೆ ಪುಡಿಯಾಗುವ ತುಕ್ಕು. ಬೆಲ್ಟಿನ ಹೊರತುದಿ ಬಿಗಿಯಬೇಕಿದ್ದ ಜಾಗ ಸರಿಯಾಗಿ ಅದೇ. ಎಷ್ಟೋ ಮಳೆಗಾಲಗಳ ಕೆಸರು ಚಕ್ರದಿಂದ ಸಿಡಿದು ಆ ಮೂಲೆಯಲ್ಲಿ ಕೂರುತ್ತದೆ, ನೀರು ಹೋಗುವ ಕಿಂಡಿ ಮುಚ್ಚಿದರೆ ತಗಡು ಒಳಗಿನಿಂದ ಹೋಗುತ್ತದೆ. ಪದ್ಮಿನಿಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು ಇಲ್ಲ, ಬಾಡಿಯೇ ಚಾಸಿ. ಅಂದಮೇಲೆ ಇದು ಬೆಲ್ಟ್ ಇಲ್ಲದಿದ್ದರೂ ಮಾಡಿಸಲೇಬೇಕಾಗಿದ್ದ ಕೆಲಸ.

ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕೆಂದಾಗ ಕಾಕಾಗೆ ಸಂಕಟವಾಯಿತು. ಕಾರಣ ಕಾನೂನಿನದು. 2021ರ ಜುಲೈಯಲ್ಲಿ ಬಂದ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ, ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. 2027ಕ್ಕೆ ಗಾಡಿಗೆ 50 ತುಂಬುತ್ತದೆ ಎಂದು ಕಾಕಾ ಕಾಯುತ್ತಿದ್ದರು. ಅದೇ ನಿಯಮದ ಇನ್ನೊಂದು ಭಾಗವನ್ನು ನಾನು ಓದಿ ಹೇಳಿದೆ. ವಿಂಟೇಜ್ ನೋಂದಣಿಯ ಗಾಡಿಯನ್ನು ರಸ್ತೆಗೆ ತರಬಹುದಾದದ್ದು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ. ಮೊಮ್ಮಗಳನ್ನು ಕೂರಿಸಿಕೊಂಡು ದೀಪಾವಳಿಗೆ ಊರಿಗೆ ಹೋಗಲು ಅಲ್ಲ. ಕಾಕಾ ಒಂದು ರಾತ್ರಿ ಯೋಚಿಸಿದರು. ಮರುದಿನ, "ನಮಗ ಗಾಡಿ ಓಡಿಸೂದ ಬೇಕು, ನಿಲ್ಲಿಸಿ ತೋರಿಸೂದ ಬ್ಯಾಡ" ಎಂದರು.

ಕಾನೂನಿನ ಉಳಿದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಬೆಲ್ಟ್ ಧರಿಸಬೇಕೆಂಬ ಕೇಂದ್ರ ಮೋಟಾರು ವಾಹನ ನಿಯಮ 138 ಹಿಡಿಯುವುದು ನಿಯಮದ ಪ್ರಕಾರ ತಯಾರಕರು ಬೆಲ್ಟ್ ಕೊಟ್ಟಿರುವ ಗಾಡಿಗಳನ್ನು. ಆದರೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಮು 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರ ಮಾಡದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡ ಎನ್ನುತ್ತದೆ. ಕಾಯ್ದೆಯ 52ನೇ ಕಲಮು ಆರ್‌ಸಿ ಪುಸ್ತಕದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. ನಾವು ಸೀಟಿನ ಸಂಖ್ಯೆಯನ್ನಾಗಲಿ ಎಂಜಿನ್ನನ್ನಾಗಲಿ ಮುಟ್ಟಲಿಲ್ಲ. ವಿಮೆ ಕಂಪನಿಗೆ ಫೋಟೋ ಸಮೇತ ಪತ್ರ ಬರೆದು ತಿಳಿಸಿದ್ದೇವೆ.

ವೆಲ್ಡಿಂಗ್ ವಿಷಯದಲ್ಲಿ ನನಗೂ ಮಿಸ್ತ್ರಿಗೂ ಮಾತಾಯಿತು. ಅವರು ರಾಡ್ ವೆಲ್ಡಿಂಗ್ ಸಾಕು ಎಂದರು. ಒಂದು ಮಿಲಿಮೀಟರ್ ಆಸುಪಾಸಿನ ತಗಡಿಗೆ ರಾಡ್ ಹಿಡಿದರೆ ತೂತು ಬೀಳುತ್ತದೆ, ಸುತ್ತಲಿನ ಲೋಹವೂ ಸುಟ್ಟು ಬಿರುಸಾಗುತ್ತದೆ. ಸಿಒಟು ವೆಲ್ಡಿಂಗ್ ಇರುವ ಪಕ್ಕದ ಶೆಡ್ಡಿಗೆ ಗಾಡಿ ಒಯ್ದೆವು. ಬ್ಯಾಟರಿ ತಂತಿ ಕಳಚಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟ ಮೇಲೆಯೇ ಕೆಲಸ ಶುರು. ಡಿಕ್ಕಿಯ ಹತ್ತಿರ ಕಿಡಿ ಹಾರುವ ಯಾವ ಕೆಲಸಕ್ಕೂ ಇದರಲ್ಲಿ ವಿನಾಯಿತಿ ಇಲ್ಲ.

ಬೋಲ್ಟಿನ ಹಿಂದಿನ ತಟ್ಟೆ

ಬಲ ಹರಡುವ ತಟ್ಟೆಗೆ ನಾನು ಹಿಡಿದ ಅಳತೆ ಮೋಟಾರು ರೇಸಿನವರದು. ಹೊಸ ಜಾಗದಲ್ಲಿ ಬೆಲ್ಟ್ ಬಿಗಿಯುವಾಗ ಕನಿಷ್ಠ 3 ಮಿಲಿಮೀಟರ್ ದಪ್ಪ, 40 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ತಟ್ಟೆ ಇರಬೇಕು ಎಂದು ಅಂತರರಾಷ್ಟ್ರೀಯ ರೇಸಿಂಗ್ ಒಕ್ಕೂಟದ ನಿಯಮ ಹೇಳುತ್ತದೆ. ನಮ್ಮವು 60 ಮಿಲಿಮೀಟರಿಗೆ 75 ಮಿಲಿಮೀಟರ್. ಮೂಲೆಗಳನ್ನು ಗುಂಡಗೆ ಉಜ್ಜಿ, ಅಂಚುಗಳನ್ನು ತುಸು ಹಿಂದಕ್ಕೆ ಬಾಗಿಸಿದ್ದು. ಚೂಪು ಅಂಚು ಇದ್ದರೆ ಅದೇ ತಗಡನ್ನು ಕತ್ತರಿಸುತ್ತದೆ. ನಡುವೆ 7/16 ಇಂಚಿನ, ಇಂಚಿಗೆ 20 ಎಳೆಯ ನಟ್. ಬೆಲ್ಟಿನ ಬೋಲ್ಟಿಗೆ ಬಹಳ ಕಾಲದಿಂದ ನಡೆದುಬಂದ ಅಳತೆ ಅದು, ಕಿಟ್ಟಿನ ಜೊತೆಗೇ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಗುರುತಿಲ್ಲದ ಬೋಲ್ಟಿಗೆ ಇಲ್ಲಿ ಕೆಲಸವಿಲ್ಲ.

ತಟ್ಟೆ ತಗಡಿನ ಯಾವ ಮಗ್ಗುಲಿಗೆ ಎಂಬುದು ಇದರ ಮರ್ಮ. ಬೆಲ್ಟು ಎಳೆದಾಗ ತಟ್ಟೆ ತಗಡಿಗೆ ಒತ್ತಿಕೊಳ್ಳಬೇಕು, ತಗಡಿನಿಂದ ಕಿತ್ತು ಬರುವಂತಿರಬಾರದು. ಅಂದರೆ ನೆಲದ ತಟ್ಟೆ ಗಾಡಿಯ ಅಡಿಯಲ್ಲಿ, ಕಮಾನಿನದು ಚಕ್ರದ ಬದಿಯಲ್ಲಿ, ಕಂಬದ್ದು ಟೊಳ್ಳಿನ ಒಳಗೆ. ವೆಲ್ಡಿಂಗ್ ತಟ್ಟೆಯನ್ನು ಸ್ಥಳದಲ್ಲಿ ಹಿಡಿದಿರುತ್ತದೆ, ನಿಜವಾದ ಭಾರ ಹೊರುವುದು ತಟ್ಟೆಯ ಅಗಲ.

ಮಿಸ್ತ್ರಿಗೆ ಇದನ್ನು ಮಾತಿನಲ್ಲಿ ಹೇಳುವ ಬದಲು ಮಾಡಿಯೇ ನೋಡೋಣ ಎಂದೆ. ಗುಜರಿಯಿಂದ ಒಂದು ಹಳೆ ಬಾಡಿಯ ನೆಲದ ತುಂಡು ತಂದೆವು. ಒಂದು ರಂಧ್ರಕ್ಕೆ ದೊಡ್ಡ ವಾಷರ್ ಹಾಕಿದ ಬೋಲ್ಟು, ಇನ್ನೊಂದಕ್ಕೆ ತಟ್ಟೆ ಹಾಕಿದ ಬೋಲ್ಟು. ಎಂಜಿನ್ ಎತ್ತುವ ಚೈನ್ ಪುಲ್ಲಿಯಿಂದ ಎಳೆದೆವು. ವಾಷರ್ ಹಾಕಿದ ಕಡೆ ತಗಡು ಮೊದಲು ಬಟ್ಟಲಿನ ಆಕಾರಕ್ಕೆ ಉಬ್ಬಿತು, ಆಮೇಲೆ ವಾಷರಿನ ಅಂಚಿನ ಗುಂಟ ಟರ್ರೆಂದು ಹರಿದು ಬೋಲ್ಟು ಕೈಗೆ ಬಂತು. ತಟ್ಟೆಯ ಕಡೆ ಅದೇ ಎಳೆತಕ್ಕೆ ಇಡೀ ತುಂಡು ನಿಧಾನವಾಗಿ ಬಾಗಿತು, ತಟ್ಟೆ ಅಲ್ಲೇ ಇತ್ತು. ಹರಿದ ಅಂಚನ್ನು ಮಿಸ್ತ್ರಿ ಬೆರಳಿನಿಂದ ಸವರಿ ನೋಡಿದರು. "ನಾ ಇಷ್ಟ ದಿನ ವಾಷರ್ ಮ್ಯಾಲೇ ಹಾಕಿ ಕೊಟ್ಟೇನ್ರಿ ಅಕ್ಕಾರ" ಎಂದವರು, ಅಂಥ ಗಾಡಿಗಳ ಮಾಲೀಕರಿಗೆ ಅಂದೇ ಸಂಜೆ ಒಬ್ಬೊಬ್ಬರಿಗೇ ಫೋನ್ ಮಾಡಲು ಕೂತರು. ಈ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅದು.

ಕಂಬದ ಒಳಗೆ ತಟ್ಟೆ ಕೂರಿಸುವುದು ಕಷ್ಟದ ಭಾಗ. ಕಂಬ ಮುಚ್ಚಿದ ಪೆಟ್ಟಿಗೆ, ಕೈ ಹೋಗುವುದಿಲ್ಲ. ಮೊಬೈಲಿಗೆ ಜೋಡಿಸುವ ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ ಒಳಗೆ ಎಲ್ಲಿ ಎರಡು ಪದರ ತಗಡು ಕೂಡುತ್ತದೆ, ತುಕ್ಕು ಇದೆಯೇ ಎಂದು ಮೊದಲು ನೋಡಿಕೊಂಡೆವು. ಅದೃಷ್ಟಕ್ಕೆ ಎರಡೂ ಕಂಬ ಒಣಗಿದ್ದವು. ನವಾರದ ಗುರುತಿಗೆ ರಂಧ್ರ ಕೊರೆದು, ಅದರ ಮೂಲಕ ಗಟ್ಟಿ ತಂತಿ ಇಳಿಬಿಟ್ಟು, ಹಲಗೆಯ ಪಕ್ಕ ಮೊದಲಿನಿಂದಲೂ ಇದ್ದ ಕಿಂಡಿಯಿಂದ ಅದರ ತುದಿ ಹೊರಗೆಳೆದರು ಮಿಸ್ತ್ರಿ. ತುದಿಯನ್ನು ತಟ್ಟೆಯ ನಟ್ಟಿನೊಳಗೆ ತೂರಿಸಿ ಗಂಟು ಹಾಕಿ, ಕಿಂಡಿಯಿಂದ ತಟ್ಟೆಯನ್ನು ಒಳಗೆ ಬಿಟ್ಟು, ಮೇಲಿನಿಂದ ತಂತಿ ಎಳೆಯುತ್ತ ಬಂದರು. ಒಳಗೆ ತಗಡಿಗೆ ತಟ್ಟೆ ಉಜ್ಜುವ ಸದ್ದು, ಆಮೇಲೆ ಟಕ್ ಎಂದು ನಟ್ಟು ರಂಧ್ರಕ್ಕೆ ಬಂದು ಕೂತ ಸದ್ದು. ಬೋಲ್ಟಿನಿಂದ ಬಿಗಿ ಹಿಡಿದು, ಸುತ್ತ ಸಣ್ಣ ರಂಧ್ರಗಳ ಮೂಲಕ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿದರು. ಒಳಗೆ ಮೇಣದ ಸ್ಪ್ರೇ, ಅಡಿಯಲ್ಲಿ ಸತುವಿನ ಪ್ರೈಮರ್ ಮತ್ತು ಸೀಲರ್.

ನೆಲದ ನಡುವಿನ ಎರಡು ಬಕಲ್‌ಗಳ ಕಡೆ ಹೆಚ್ಚು ತೊಂದರೆ ಇರಲಿಲ್ಲ. ಕೊರೆಯುವ ಮುಂಚೆ ಗಾಡಿಯ ಅಡಿಗೆ ಹೋಗಿ ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕಿನ ಕೇಬಲ್, ಪೆಟ್ರೋಲ್ ಪೈಪ್ ಎಲ್ಲಿ ಹಾಯುತ್ತವೆ ಎಂದು ನೋಡಿ ಗುರುತು ಹಾಕಿಕೊಳ್ಳಬೇಕು, ಅಷ್ಟೇ.

ರೀಲಿನ ಕೋನ

ರೀಲಿನೊಳಗೆ ಒಂದು ಸಣ್ಣ ಉಕ್ಕಿನ ಗುಂಡು ಇರುತ್ತದೆ. ಗಾಡಿ ಜೋರಾಗಿ ನಿಧಾನಿಸಿದರೆ ಅದು ತನ್ನ ಗೂಡಿನಿಂದ ಉರುಳಿ ಒಂದು ಹಲ್ಲನ್ನು ಎತ್ತುತ್ತದೆ, ರೀಲ್ ಲಾಕ್ ಆಗುತ್ತದೆ. ಅದೇ ಗುಂಡು ರೀಲ್ ವಾಲಿದರೂ ಉರುಳುತ್ತದೆ. ವಿಶ್ವಸಂಸ್ಥೆಯದೇ ಸೀಟ್ ಬೆಲ್ಟಿನ 16ನೇ ನಿಯಮದ ಪ್ರಕಾರ 12 ಡಿಗ್ರಿಯವರೆಗಿನ ವಾಲಿಕೆಗೆ ರೀಲ್ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು. ಈ ಲೆಕ್ಕ ರೀಲನ್ನು ಅದಕ್ಕೆ ಹೇಳಿದ ನಿಲುವಿನಲ್ಲಿ ಕೂರಿಸಿದಾಗಿನದು. ಕಂಬದ ಬುಡದ ಇಳಿಜಾರು ತಗಡಿಗೆ ಹಾಗೇ ಬಿಗಿದಿದ್ದರೆ ಸಪಾಟು ರಸ್ತೆಯಲ್ಲೇ ಅರ್ಧ ವಾಲಿರುತ್ತಿತ್ತು, ಸಾತಾರಾ ದಾರಿಯ ಖಂಬಾಟಕಿ ಘಾಟ್ ಹತ್ತುವಾಗ ಪಟ್ಟಿ ಎಳೆದರೆ ಬರುತ್ತಲೇ ಇರಲಿಲ್ಲ. ಹಾಗಾದರೆ ಜನ ಮಾಡುವುದು ಒಂದೇ, ಬೆಲ್ಟ್ ಬಿಚ್ಚಿ ಪಕ್ಕಕ್ಕಿಡುವುದು. ರೀಲ್ ನೆಟ್ಟಗೆ ನಿಲ್ಲುವಂತೆ 3 ಮಿಲಿಮೀಟರ್ ಉಕ್ಕಿನಲ್ಲಿ ಒಂದು ಬೆಣೆಯಾಕಾರದ ಬ್ರಾಕೆಟ್ ಮಾಡಿಸಿದೆವು. ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಿಯೇ ಅದರ ಕೋನ ತೆಗೆದದ್ದು. ಹಿಂದಿನ ಪಟ್ಟೆ ಸ್ಪ್ರಿಂಗ್ ಒಂದು ಕಡೆ ಕುಸಿದಿದ್ದರಿಂದ ಅದನ್ನು ಮೊದಲು ಸರಿಮಾಡಿಸಬೇಕಾಯಿತು.

ನಡುವೆ ಯಾರೂ ಇಲ್ಲ

ಹಿಂದಿನ ಬೆಂಚಿನಲ್ಲಿ ಮೂವರು ಕೂರುವ ರೂಢಿ. ನಡುವಿನ ಜಾಗಕ್ಕೆ ಭುಜದ ಪಟ್ಟಿ ಕಟ್ಟಲು ಗಟ್ಟಿ ಲೋಹ ಎಲ್ಲೂ ಇಲ್ಲ, ಹಲಗೆ ಬೇಡವೆಂದು ಆಗಲೇ ತೀರ್ಮಾನವಾಗಿತ್ತು. ಸೊಂಟದ ಬೆಲ್ಟಾದರೂ ಹಾಕು ಎಂದರು ಕಾಕಾ. ಹಾಕಿದರೆ ಅಲ್ಲಿ ಯಾರಾದರೂ ಕೂರುತ್ತಾರೆ, ಹೆಚ್ಚಾಗಿ ಮಗುವೇ ಕೂರುತ್ತದೆ ಎಂದೆ. ಕಾಕು ನನ್ನ ಪರ ನಿಂತರು. ನಡುವೆ ತೆಗೆದಿಡಬಹುದಾದ ತೋಳುದಿಂಬು ಹೊಲಿಸಿ ಇಟ್ಟಿದ್ದಾರೆ.

ಈ ಬೆಲ್ಟು ಏನು ಮಾಡಲಾರದು ಎಂಬುದನ್ನೂ ಮನೆಯವರ ಮುಂದೆ ಕೂತು ಹೇಳಿದ್ದೇನೆ. ಹೊಸ ಗಾಡಿಗಳಲ್ಲಿ ಗುದ್ದಿದ ಕ್ಷಣಕ್ಕೆ ಬೆಲ್ಟನ್ನು ತಾನೇ ಬಿಗಿ ಮಾಡುವ, ಆಮೇಲೆ ಎದೆ ಒತ್ತದಂತೆ ಅಳತೆಯಲ್ಲಿ ಬಿಡುವ ವ್ಯವಸ್ಥೆ ಇರುತ್ತದೆ, ಇದರಲ್ಲಿ ಇಲ್ಲ. ಹಿಂದೆ ತಲೆಯಾನಿಕೆ ಇಲ್ಲ. ಮೂತಿ ಲೆಕ್ಕಾಚಾರದಿಂದ ಮಡಚಿ ಹೊಡೆತ ನುಂಗುವಂತೆ ಈ ಬಾಡಿಯನ್ನು ಮಾಡಿಲ್ಲ. ಇದೇ ಕೋಥರೂಡಿನ ಗುಡ್ಡದ ಮೇಲಿನ ಎಆರ್‌ಎಐ ಸಂಸ್ಥೆಯಲ್ಲಿ ಗಾಡಿಗಳನ್ನು ಪರೀಕ್ಷಿಸುತ್ತಾರಲ್ಲ, ಅಂಥ ಪರೀಕ್ಷೆ ನಮ್ಮ ಕೆಲಸಕ್ಕೆ ಆಗಿಲ್ಲ, ಒಂದೇ ಒಂದು ಗಾಡಿಯನ್ನು ಎಳೆದು ಹಾಳು ಮಾಡಿ ಪರೀಕ್ಷಿಸುವಂತೆಯೂ ಇಲ್ಲ. ಚೈನ್ ಪುಲ್ಲಿಯ ಪ್ರಯೋಗ ನಮಗೆ ತಿಳಿವಳಿಕೆ ಕೊಟ್ಟಿತು, ಪ್ರಮಾಣಪತ್ರ ಅಲ್ಲ. ಆದ್ದರಿಂದ ಹೆದ್ದಾರಿಯಲ್ಲಿ 60 ದಾಟುವುದಿಲ್ಲ, ಕತ್ತಲಾದ ಮೇಲೆ ಓಡಿಸುವುದಿಲ್ಲ, ಡಿಕ್ಕಿಯಲ್ಲಿ ಸ್ಟೆಪ್ನಿ ಮತ್ತು ಜಾಕ್ ಕಟ್ಟದೆ ಹೊರಡುವುದಿಲ್ಲ ಎಂದು ಕಾಕಾ ಮಾತು ಕೊಟ್ಟಿದ್ದಾರೆ.

ಮೊದಲ ಓಡಾಟ ಪುಣೆ ಹತ್ತಿರದ ಸಾಸ್ವಡದವರೆಗೆ. ದಿವೇ ಘಾಟಿನ ಏರಿನಲ್ಲಿ ಪಟ್ಟಿ ಸರಾಗವಾಗಿ ಬಂತು. ಖಾಲಿ ರಸ್ತೆಯಲ್ಲಿ ಕಾಕಾ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಎರಡೂ ರೀಲ್ ಹಿಡಿದುಕೊಂಡವು. ಮೊಮ್ಮಗಳಿಗೆ ಅದು ಆಟವೆನಿಸಿ ಮತ್ತೆ ಮತ್ತೆ ಕೇಳಿದಳು. ಕಾಕುವಿಗೆ ಸೆರಗು ಪಟ್ಟಿಯಡಿ ಸುಕ್ಕಾಗುವುದೊಂದೇ ದೂರು, ಸೆರಗನ್ನು ಪಿನ್ ಮಾಡಿ ಆ ಮೇಲೆ ಬೆಲ್ಟ್ ಹಾಕುವ ರೂಢಿ ಮಾಡಿಕೊಂಡಿದ್ದಾರೆ. ಪ್ರತಿ ಬೋಲ್ಟಿನ ತಲೆಯಿಂದ ತಗಡಿನವರೆಗೆ ಹಳದಿ ಬಣ್ಣದ ಗೆರೆ ಎಳೆದಿದ್ದೆವು. ವಾಪಸು ಬಂದು ನೋಡಿದಾಗ ಒಂದು ಗೆರೆಯೂ ಕದಲಿರಲಿಲ್ಲ. ಮಳೆಗಾಲ ಮುಗಿದ ಕೂಡಲೇ ಗಾಡಿ ಎತ್ತಿ ಅಡಿಯ ತಟ್ಟೆಗಳನ್ನು ನೋಡುವುದು, ನೀರಿನ ಕಿಂಡಿ ಚೊಕ್ಕ ಮಾಡುವುದು ಮಿಸ್ತ್ರಿಯ ಜವಾಬ್ದಾರಿ.

ಬಾಕಿ ಇರುವುದು ಮುಂದಿನ ಸೀಟು. ಅಲ್ಲಿ ಯಾವಾಗಲೋ ಹಾಕಿಸಿದ ಸ್ಥಿರ ಬೆಲ್ಟುಗಳಿವೆ, ಪಟ್ಟಿಯ ಮೇಲೆ ಲೇಬಲ್ ಉಳಿದಿಲ್ಲ, ಬಾಗಿಲ ನಡುವಿನ ಕಂಬದೊಳಗೆ ಬೋಲ್ಟಿನ ಹಿಂದೆ ತಟ್ಟೆ ಇದೆಯೋ ಬರೀ ವಾಷರೋ ನೋಡಬೇಕು. ದೀಪಾವಳಿಗೆ ಹೊರಡುವ ಮೊದಲು ಅದನ್ನೂ ಬಿಚ್ಚುತ್ತೇವೆ.